ಹುಣಸೆರಸ, ತಾಮ್ರದ ತಟ್ಟೆ ಮತ್ತು ನನ್ನ ಉಪನ್ಯಾಸ

ಮಾಟುಂಗದ ನಮ್ಮ ಕನ್ನಡ ಸಂಘದಲ್ಲಿ ಹನ್ನೆರಡು ವರ್ಷಗಳಿಂದ ನನ್ನ ಹುದ್ದೆ ಒಂದೇ: ಕುರ್ಚಿ ಹಾಕುವುದು, ಕುರ್ಚಿ ತೆಗೆಯುವುದು. ಒಮ್ಮೆಯಾದರೂ ವೇದಿಕೆ ಹತ್ತಿ ಶಾಲು ಹೊದೆಯಬೇಕೆಂಬುದು ನನ್ನ ಜೀವಮಾನದ ಆಸೆ. ಹಾಗಾಗಿ ಮಕ್ಕಳ ವಿಜ್ಞಾನ ಕಾರ್ಯಕ್ರಮದ ಉಪನ್ಯಾಸಕರು ಕೈಕೊಟ್ಟಾಗ, "ನಾನಿದ್ದೇನೆ!" ಎಂದುಬಿಟ್ಟೆ. ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಗುಮಾಸ್ತನಾದ ನನಗೆ ಸೂಕ್ಷ್ಮದರ್ಶಕದೊಂದಿಗೆ ಇಪ್ಪತ್ತು ವರ್ಷಗಳ ಒಡನಾಟ. ರಿಜಿಸ್ಟರಿನಲ್ಲಿ!

ವಿಷಯ: ಲೋಹದ ಮೇಲ್ಮೈಯಲ್ಲಿ ರಾಸಾಯನಿಕ ಕ್ರಿಯೆಯ ನೇರ ದರ್ಶನ. ಅಂದರೆ, ಕಪ್ಪುಗಟ್ಟಿದ ತಾಮ್ರದ ಮೇಲೆ ಹುಣಸೆರಸದ ಹನಿ ಬಿಟ್ಟು, ಅದು ಹೊಳಪಾಗುವುದನ್ನು ದೊಡ್ಡ ಪರದೆಯಲ್ಲಿ ತೋರಿಸುವುದು. ದೇವರ ಕೋಣೆಯಿಂದ ಪುಟ್ಟ ತಾಮ್ರದ ತಟ್ಟೆ ಎತ್ತಿಕೊಂಡೆ.

"ಹುಣಸೆ ನಾನು ಕಿವುಚಿ ಕೊಡ್ತೇನೆ ಮಾರಾಯ್ರೆ," ಎಂದಳು ಹೆಂಡತಿ ವಾರಿಜಾ.

"ಇದು ಅಡುಗೆಯಲ್ಲ, ವಿಜ್ಞಾನ!" ಎಂದು ನಾನೇ ಕಿವುಚಿದೆ.

ಸಭಾಂಗಣ ತುಂಬಿತ್ತು. ಕಾಲೇಜಿನಿಂದ ಎರವಲು ತಂದ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಗುಂಡಿ ಒತ್ತಿದೆ. ಪರದೆಯೆಲ್ಲ ಕಪ್ಪು!

"ಇದೇ ತಾಮ್ರದ ಮೇಲಿನ ಕಪ್ಪು," ಎಂದು ಗಂಭೀರವಾಗಿ ವಿವರಿಸಿದೆ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. "ಅಂಕಲ್, ಲೈಟ್ ನೀಚೆ ಉಂಟಲ್ಲ? ಪ್ಲೇಟ್ ಒಳಗಿಂದ ಹೇಗೆ ಬರ್ತದೆ?"

ನಿಜ! ನಾನು ತಂದದ್ದು ಕೆಳಗಿನಿಂದ ಬೆಳಕು ಬಿಟ್ಟು ಈರುಳ್ಳಿ ಸಿಪ್ಪೆ ನೋಡುವ ಯಂತ್ರ. ಲೋಹಕ್ಕೆ ಬೆಳಕು ಮೇಲಿನಿಂದ ಬೀಳಬೇಕು. ಕಾರ್ಯದರ್ಶಿಯವರಿಂದ ಮೊಬೈಲ್ ಟಾರ್ಚ್ ಹಿಡಿಸಿ ಹೇಗೋ ಮಾನ ಉಳಿಸಿಕೊಂಡೆ.

ಹನಿ ಬಿಟ್ಟೆ. ಪರದೆಯ ಮೇಲೆ ಕವಲೊಡೆದ ಕಂದು ಆಕೃತಿಯೊಂದು ಮೂಡಿತು. ಅಲುಗಾಡಿತು ಕೂಡ!

"ಮಕ್ಕಳೇ, ಹೊಸ ಸಂಯುಕ್ತವೊಂದು ನಿಮ್ಮ ಕಣ್ಣೆದುರೇ ಬೆಳೆಯುತ್ತಿದೆ!" ಎಂದು ಕೂಗಿದೆ. ಹತ್ತು ನಿಮಿಷ ಅದರ ಕವಲು, ಗುಣ, ಭವಿಷ್ಯ ಎಲ್ಲವನ್ನೂ ಬಣ್ಣಿಸಿದೆ. ಕಾರ್ಯದರ್ಶಿಗಳು ಒಂದು ಕೈಯಲ್ಲಿ ಟಾರ್ಚ್ ಹಿಡಿದೇ ಇನ್ನೊಂದರಲ್ಲಿ ಶಾಲಿನ ಮಡಿಕೆ ಬಿಡಿಸತೊಡಗಿದರು.

ಹಿಂದಿನಿಂದ ವಾರಿಜಾಳ ದನಿ ಕೇಳಿತು. "ಅದು ಹುಣಸೆ ನಾರು ಮಾರಾಯ್ರೆ! ಸೋಸ್ಲಿಕ್ಕೆ ಗೊತ್ತಿಲ್ವಾ ನಿಮ್ಗೆ? ಫ್ಯಾನಿನ ಗಾಳಿಗೆ ಅಲ್ಲಾಡ್ತಾ ಉಂಟು, ಅಷ್ಟೆ!"

ಸಭೆ ಬಿದ್ದು ಬಿದ್ದು ನಕ್ಕಿತು. ಅವಳು ವೇದಿಕೆಗೆ ಬಂದು ನಾರು ತೆಗೆದಳು. ಸಂಘದ ಅಡುಗೆಮನೆಯಿಂದ ಉಪ್ಪು ತರಿಸಿ ರಸಕ್ಕೆ ಬೆರೆಸಿ, ಹನಿ ಬಿಟ್ಟಳು. ಕಪ್ಪು ಮೆಲ್ಲಗೆ ಕರಗಿ ಕೆಂಪು ತಾಮ್ರ ಹೊಳೆಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನಿಜಕ್ಕೂ ಸುಂದರವಾಗಿತ್ತು. ನನಗೆ ಹೊಟ್ಟೆಯೂ ಉರಿಯಿತು.

ಶಾಲು ಅವಳ ಹೆಗಲೇರಿತು. "ಮುಂದಿನ ವರ್ಷವೂ ಅಕ್ಕನೇ ಮಾತಾಡ್ಬೇಕು!" ಎಂದ ಕಾರ್ಯದರ್ಶಿಗಳು ನನ್ನತ್ತ ತಿರುಗಿದರು. "ನೀವು ಹೊರಡುವ ಮೊದ್ಲು ಕುರ್ಚಿ ತೆಗೆದಿಡಿ, ಆಯ್ತಾ?"

ತೆಗೆದಿಟ್ಟೆ. ಆ ವಿಷಯದಲ್ಲಿ ಮಾತ್ರ ಈಗಲೂ ಸಂಘದಲ್ಲಿ ನನಗಿಂತ ದೊಡ್ಡ ತಜ್ಞರಿಲ್ಲ!