ಹೊಗಳಿದರೆ ದೃಷ್ಟಿ ತಾಗೀತು!

ರೊಟ್ಟಿ ಬಡಿಯುತ್ತಿದ್ದೆ. ನಮ್ಮಣ್ಣ ಬಾಗಿಲಲ್ಲಿ ನಿಂತು, ಯಾರೋ ತೀರಿಕೊಂಡವರ ಹಾಗೆ ಮುಖ ಮಾಡಿ, “ಪಾಸಾತಂತ ನಮ್ಮ ದಡ್ಡಿ. ಹತ್ತನೇತ್ತಾ, ಫಸ್ಟ್ ಕ್ಲಾಸ್” ಎಂದ. ದಡ್ಡಿ ಎಂದರೆ ಅವನ ಒಬ್ಬಳೇ ಮಗಳು. ಸಂತೋಷದ ಸುದ್ದಿಯನ್ನು ಹೀಗೆ ಹೇಳುವವನು ನವಲಗುಂದ ತಾಲೂಕಿನಲ್ಲಿ ಇನ್ನೊಬ್ಬನಿದ್ದರೆ ತೋರಿಸಿರಿ!

ತನ್ನದನ್ನು ತಾನೇ ಬೈದರೆ ದೃಷ್ಟಿ ತಾಗುವುದಿಲ್ಲ ಎಂಬುದು ಅವನ ಸಿದ್ಧಾಂತ. ಹೊಲದಲ್ಲಿ ಹತ್ತಿ ಬೆಳ್ಳಗೆ ಅರಳಿ ನಿಂತಿದ್ದರೂ “ಎಲ್ಲಾ ಹುಳಾ ತಿಂದಾವ್ರಿ” ಎನ್ನುತ್ತಾನೆ. ಎರಡು ಹೊತ್ತೂ ಚರಿಗೆ ತುಂಬ ಹಾಲು ಕೊಡುವ ಎಮ್ಮೆಯ ಹೆಸರು ‘ದರಿದ್ರ’! ಮಗಳ ಅಕ್ಷರವನ್ನು ನೆಂಟರೊಬ್ಬರು ಮೆಚ್ಚಿದ್ದಕ್ಕೆ, ಚಹಾ ತಂದ ಅವಳೆದುರಿಗೇ, “ಅದೇನ್ ಅಕ್ಷರಾರಿ, ಕೋಳಿ ಕೆದರಿಧಂಗ!” ಎಂದಿದ್ದ. ಎಮ್ಮೆಗೆ ಮಾತು ತಿಳಿಯದು, ಪಾಪ, ಹಾಲು ಕೊಡುತ್ತಲೇ ಇದೆ. ಹುಡುಗಿಗೆ ತಿಳಿಯುತ್ತದಲ್ಲ?

ಅವಳೂ ಅವನ ಬೆನ್ನ ಹಿಂದೆಯೇ ಬಂದಿದ್ದಳು.

“ಕಾಲೇಜಿನ ಫಾರ್ಮ್ ತುಂಬಿದೇನ ಬೇ? ನಾಳಿಗೆ ಕಡೀ ದಿನಾ” ಎಂದು ಕೇಳಿದೆ.

“ಬ್ಯಾಡತ್ತಿ. ನಾ ದಡ್ಡಿ ಅದೀನಿ. ಪೇಪರ್ ತಿದ್ದಿದವರ ಎಲ್ಲೋ ತಪ್ಪ್ಯಾರ.”

ಹಿಟ್ಟು ಮೆತ್ತಿದ ಕೈಯನ್ನೇ ಅಣ್ಣನ ಮುಂದೆ ಆಡಿಸಿದೆ. “ಕೇಳಿದೇನ ಯಣ್ಣಾ? ಹದಿನೈದು ವರ್ಷ ದೃಷ್ಟಿಗೆ ಸುಳ್ಳು ಹೇಳಿದಿ. ದೃಷ್ಟಿ ನಂಬಿತೋ ಇಲ್ಲೋ, ಇಕಿ ಮಾತ್ರ ಅಗದಿ ನಂಬ್ಯಾಳ!”

ಅಣ್ಣ ಕಂಬಕ್ಕೆ ಒರಗಿ ಕುಳಿತುಬಿಟ್ಟ. ಇವಳಿಗಿಂತ ಮೊದಲು ಹುಟ್ಟಿದ ಕೂಸನ್ನು ಓಣಿಯೆಲ್ಲ ಎತ್ತಿ ಆಡಿಸಿ ಹೊಗಳಿತ್ತು. ಅದು ಆರು ತಿಂಗಳೂ ಉಳಿಯಲಿಲ್ಲ. ಸಿಟ್ಟಿನಲ್ಲಿ ನಾನು ಅದನ್ನು ಮರೆತೇಬಿಟ್ಟಿದ್ದೆ.

ಮಗಳ ಕಡೆ ಕೈ ತೋರಿಸಿ, “ಮದಲ ಉಪ್ಪು, ಮೆಣಸಿನಕಾಯಿ ತಗೊಂಡು ಇಕೀಗೆ ದೃಷ್ಟಿ ತಗಿ. ಆಮ್ಯಾಲ ಹೇಳ್ತೀನಿ” ಎಂದ.

ಮೂರು ಸಲ ನಿವಾಳಿಸಿ ಒಲೆಗೆ ಹಾಕಿದೆ. ಅದೆಂಥ ಘಾಟು! ಘಾಟು ಬಂತೆಂದರೆ ದೃಷ್ಟಿಯೇ ತಾಗಿಲ್ಲವೆಂದು ಅರ್ಥ. ನೆಂಟರು ಮೆಚ್ಚಿದ್ದೂ ತಾಗಿಲ್ಲ; ಇಷ್ಟು ವರ್ಷ ಬೈದದ್ದೆಲ್ಲ ದಂಡ! ಮೂವರೂ ಕೆಮ್ಮಿದೆವು. ಆ ಕೆಮ್ಮಿನ ನಡುವೆಯೇ ಅಣ್ಣ, ಗೋಡೆಗೆ ಹೇಳುವವನಂತೆ, “ನನ್ನ ಮಗಳು ಭಾಳ ಶಾಣ್ಯಾಕಿ. ನನಗ ಮದಲಿಂದ ಗೊತ್ತೈತಿ” ಎಂದ.

ಹುಡುಗಿ ಕಣ್ಣೊರೆಸಿಕೊಂಡಳು. ಮೆಣಸಿನಕಾಯಿಯ ಘಾಟಿಗೇ ಇರಬೇಕು ಎಂದುಕೊಂಡೆ. ಆಮೇಲೆ ಸಣ್ಣಗೆ ಕೇಳಿದಳು: “ಅತ್ತಿ, ಪೆನ್ನೈತೇನ?”

ಹಂಚಿನ ಮೇಲೆ ಹೊತ್ತಿದ್ದು ಒಂದೇ ರೊಟ್ಟಿ. ಶಿವನ ದಯೆ. ಅದನ್ನು ಎಮ್ಮೆಗೆಂದು ತೆಗೆದಿಟ್ಟು, ಇನ್ನೊಂದು ಉಂಡೆ ಹಿಟ್ಟು ಕೈಗೆತ್ತಿಕೊಂಡೆ.