ಧೂಮಕೇತುವಿಗಾಗಿ ಹೋಳಿಗೆ ಬಿಟ್ಟವರು

ನಮ್ಮ ಕಾಕಾ ಸೂರ್ಯನ ಜೊತೆ ಜಗಳ ತೆಗೆದವರು! ನಗಬೇಡಿ, ಖರೇ ಹೇಳುತ್ತಿದ್ದೇನೆ. ಬಸವಕಲ್ಯಾಣದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡು ಬೆಲ್ಲ, ಬೇಳೆ ತೂಗುತ್ತಿದ್ದ ಈ ನನ್ನ ಅಪ್ಪನ ತಮ್ಮ ಮಹಾ ಸಾಧು ಮನುಷ್ಯ. ಗಿರಾಕಿ ಚೀಲದಿಂದ ಮುಷ್ಟಿ ಶೇಂಗಾ ಎತ್ತಿ ಬಾಯಿಗೆ ಹಾಕಿಕೊಂಡರೂ ಚಕಾರ ಎತ್ತದವರು. ಆದರೆ ಸೂರ್ಯನ ಹೆಸರು ಬಂತೋ, ಹಲ್ಲು ಕಡಿಯುತ್ತಿದ್ದರು.

ತೊಂಬತ್ತೇಳರಲ್ಲಿ ಸಂಜೆಯ ಆಕಾಶದಲ್ಲಿ ಬಾಲದ ಚುಕ್ಕಿ ಕಂಡಿತಲ್ಲ, ಧೂಮಕೇತುವಿನ ಹುಚ್ಚು ಅವರಿಗೆ ಹತ್ತಿದ್ದು ಆಗ. ಓಣಿಯ ಜನ ಏನು ಕೇಡು ಕಾದಿದೆಯೋ ಎಂದು ಬಾಗಿಲು ಹಾಕಿಕೊಂಡರೆ, ಕಾಕಾ ಹೈಸ್ಕೂಲು ಓದುತ್ತಿದ್ದ ನಮ್ಮ ಅಕ್ಕನನ್ನು ಕರೆದುಕೊಂಡು ದಿನಾ ಮಾಳಿಗೆ ಹತ್ತಿದರು. ಮಕ್ಕಳಿಲ್ಲದ ಕಾಕಾನಿಗೆ ಅಕ್ಕ ಎಂದರೆ ಜೀವ. “ಕಾಕಾ, ಇದು ಎಲ್ಲಿಗಿ ಹೊಂಟದ?” ಎಂದು ಅವಳು ಕೇಳಿದರೆ, “ಸೂರ್ಯನ ಮನಿಗಿ ಹೋಗಿ ಹೊಳ್ಳಿ ಬರ್ತದವ್ವಾ” ಎನ್ನುತ್ತಿದ್ದರು.

ಎಲ್ಲವೂ ಹೊಳ್ಳಿ ಬರುವುದಿಲ್ಲ ಎಂದು ಅವರಿಗೆ ಗೊತ್ತಾದದ್ದು ಕೆಲವು ವರ್ಷಗಳ ಮೇಲೆ, ಹುಮನಾಬಾದಿನ ಸೈಬರ್ ಕೆಫೆಯಲ್ಲಿ. ಅಷ್ಟರಲ್ಲಿ ಅಕ್ಕ ಮದುವೆಯಾಗಿ, ಅದೇ ಹುಮನಾಬಾದಿನ ದೊಡ್ಡ ಮನೆತನದ ಸೊಸೆಯಾಗಿದ್ದಳು. ಕಾಕಾ ವಾರಕ್ಕೊಮ್ಮೆ ಅಂಗಡಿಯ ಸರಕಿಗೆಂದು ಅಲ್ಲಿಗೆ ಹೋಗುವರು. ಸರಕು ಅರ್ಧ ಮರೆತು ಕಂಪ್ಯೂಟರಿನ ಮುಂದೆ ಕೂರುವರು. ಸೂರ್ಯನ ಮುಖಕ್ಕೆ ದುಂಡು ತಟ್ಟೆ ಮುಚ್ಚಿ, ಅದರ ಸುತ್ತಲಿನ ಆಕಾಶದ ಫೋಟೋ ಕಳಿಸುವ ಉಪಗ್ರಹವೊಂದಿದೆಯಂತೆ. ಆ ಫೋಟೋದಲ್ಲಿ ಧೂಮಕೇತುವಿನ ಬೆಳ್ಳಗಿನ ಸಣ್ಣ ಬಾಲವೊಂದು ತಟ್ಟೆಯ ಕಡೆ ಓಡೋಡಿ ಬರುತ್ತದೆ, ತಟ್ಟೆಯ ಅಂಚಿಗೆ ಹೋಗುತ್ತದೆ, ಆಮೇಲೆ ಇಲ್ಲ! ಮಂಜುಗಡ್ಡೆ, ಧೂಳಿನ ಮುದ್ದೆ ಪಾಪ, ಆ ಬೆಂಕಿಗೆ ಕರಗಿ ಹೋಗುತ್ತದೆ. ಕಾಕಾ ಮಾತ್ರ ತಟ್ಟೆಯ ಆಚೆ ಅಂಚನ್ನೇ ದಿಟ್ಟಿಸುತ್ತ ಕೂತಿರುತ್ತಿದ್ದರು.

ಕೆಫೆಯ ಹುಡುಗನಿಗೆ ತಲೆ ಕೆಟ್ಟಿತು. “ಕಾಕಾ, ಮಂದಿ ಇಲ್ಲಿ ರಿಜಲ್ಟ್ ನೋಡ್ತಾರ, ನೌಕರಿ ನೋಡ್ತಾರ. ನೀವು ರೊಕ್ಕಾ ಕೊಟ್ಟು ಸೂರ್ಯಾನ್ನ ನೋಡಾಕತ್ತೀರಿ! ಹೊರಗ ಫುಕಟ್ ಕಾಣ್ತಾನಲ್ರಿ!”

“ಹೊರಗಿನಾಂವ ಎಲ್ಲಾರಿಗೂ ಕಾಣ್ತಾನಪಾ. ಅವನ ಮನ್ಯಾಗ ಹೋದವ್ರ ಗತಿ ಇಲ್ಲಷ್ಟೇ ಕಾಣ್ತದ,” ಎಂದರು ಕಾಕಾ.

ಅವತ್ತು ಮನೆಗೆ ಬಂದವರೇ ಘೋಷಿಸಿದರು: “ಒಂದರೆ ಬಾಲದ ಚುಕ್ಕಿ ಸೂರ್ಯನ ಮನಿಯಿಂದ ಹೊರಗ ಬರೋತನಾ ನಾ ಹೋಳಿಗಿ ಮುಟ್ಟಂಗಿಲ್ಲ!”

ಕಾಕಿಯ ಕೈಯ ಹೋಳಿಗೆ ಎಂದರೆ ಓಣಿಗೇ ಹೆಸರು. ಅಂಥವರ ಗಂಡ ಹೋಳಿಗೆ ಬಿಡುವುದೆಂದರೇನು? ಅದೂ ಯಾರದೋ ಬಾಲಕ್ಕಾಗಿ! “ಶರಣರ ಊರಾಗಿದ್ದು ಹರಕಿ ಹೊರ್ತೀರೇನ್ರೀ?” ಎಂದು ಕಾಕಿ ಹರಿಹಾಯ್ದರು.

“ಹರಕಿ ಅಲ್ಲ, ಜಿದ್ದು!”

ಆ ಜಿದ್ದು ಅಡುಗೆಮನೆಯವರೆಗೂ ಬಂತು. ಯುಗಾದಿಯ ದಿನ ಕಾಕಾ ಕಾದ ತವೆಯ ಮೇಲೆ ನೀರು ಚಿಮುಕಿಸಿ ನಮಗೆಲ್ಲ ಪಾಠ ಶುರು ಮಾಡಿದರು. ಹನಿಗಳು ಚುರ್ ಎಂದು ಕುಣಿದು ಮಾಯವಾದವು. ಒಂದೇ ಒಂದು ಹನಿ ಉರುಳುತ್ತ ಉರುಳುತ್ತ ತವೆಯ ಅಂಚು ದಾಟಿ ನೆಲಕ್ಕೆ ಬಿತ್ತು. “ಉಳೀತು! ನೋಡ್ರಿ, ಉಳೀತು!” ಎಂದು ಕಾಕಾ ಕುಣಿದಾಡಿದರು. ಈ ಗದ್ದಲದಲ್ಲಿ ಪಕ್ಕದ ಒಲೆಯ ಹೂರಣ ತಳ ಹಿಡಿಯಿತು. ಕಾಕಿ ಲಟ್ಟಣಿಗೆ ಎತ್ತಿಕೊಂಡರು. ಅವತ್ತು ಉಳಿದದ್ದು ಆ ಹನಿ ಒಂದೇ ಅಲ್ಲ, ಕಾಕಾನೂ ಉಳಿದರು!

ಇಷ್ಟೆಲ್ಲ ನಗುವಿನ ನಡುವೆ ನಾವು ಯಾರೂ ಬಾಯಿಬಿಟ್ಟು ಆಡದ ಮಾತೊಂದಿತ್ತು. ಅಕ್ಕನಿಗೆ ಆ ಮನೆಯಲ್ಲಿ ಸುಖವಿರಲಿಲ್ಲ. ಕಾಲೇಜು ಬಿಡಿಸಿದ್ದರು. ಫೋನ್ ಮಾಡಿದರೆ ಅತ್ತೆಯೇ ಎತ್ತಿ, “ಕೆಲಸದಾಗ ಇದ್ದಾಳ್ರಿ” ಎಂದು ಇಟ್ಟುಬಿಡುವರು. ಒಮ್ಮೆ ನಾನೂ ಕಾಕಾನ ಜೊತೆ ಹುಮನಾಬಾದಿಗೆ ಹೋಗಿದ್ದೆ. ಕೆಫೆಗೆ ಹೋಗುವ ಮೊದಲು ಅವರು ಅಕ್ಕನ ಮನೆಯ ಮುಂದೆ ನಿಂತರು. ಆ ಮನೆಯವರು ನಮ್ಮನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟರು. ಅಕ್ಕ ಬಾಗಿಲ ಸಂದಿಯಲ್ಲಿ ಒಂದು ಗಳಿಗೆ ಕಂಡಳು, ಸೊರಗಿದ್ದಳು, ಒಳಗಿನಿಂದ ಯಾರೋ ಕೂಗಿದರು, ಹೋದಳು. ಕಾಕಾ ಚಹಾ ಕುಡಿಯದೆ ಎದ್ದು, ಗಟ್ಟಿಯಾಗಿ, ಒಳಗೆ ಕೇಳುವಂತೆ, “ವಾರಾ ವಾರಾ ಬರ್ತೀನವ್ವಾ!” ಎಂದರು.

ಅದಾಗಿ ಕೆಲವು ತಿಂಗಳಿಗೆ, ಒಂದು ಮಧ್ಯಾಹ್ನ, ಅಕ್ಕ ಒಬ್ಬಳೇ ಹುಮನಾಬಾದಿನ ಬಸ್ಸಿನಿಂದ ಇಳಿದು ಮನೆಗೆ ಬಂದಳು. ಕೈಯಲ್ಲೊಂದು ಚೀಲ. “ನಾ ಹೊಳ್ಳಿ ಹೋಗಂಗಿಲ್ಲ,” ಎಂದಷ್ಟೇ ಹೇಳಿ ಗೋಡೆಗೆ ಒರಗಿ ಕೂತಳು. ಅವಳ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಅಪ್ಪ ತಲೆ ಮೇಲೆ ಕೈಹೊತ್ತರು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. “ಹುಡುಗಿ ಬಾಳ್ವೆ ಮುಗದ ಹೋತು,” ಎಂದು ಪಕ್ಕದ ಮನೆಯವರು ಹೊಸ್ತಿಲಲ್ಲೇ ತೀರ್ಪು ಕೊಟ್ಟರು.

ಸುದ್ದಿ ಕೇಳಿ ಕಾಕಾ ಅಂಗಡಿಯ ಬಾಗಿಲು ಹಾಕಿಕೊಂಡು ಬಂದರು. ಅಕ್ಕನನ್ನು ನೋಡಿದರು. ಕೈಕಾಲು ತೊಳೆದರು. ತಾಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, “ಏ, ಹೋಳಿಗಿ ಮಾಡು,” ಎಂದರು.

ಕಾಕಿ ದಂಗಾದರು. “ಮನ್ಯಾಗ ಹಿಂಗಾಗ್ಯಾದ, ಇವತ್ತ ಹೋಳಿಗಿ ಏನ್ರೀ? ನಿಮ್ಮ ಜಿದ್ದು ಏನಾತು?”

“ಗೆದ್ದೆ,” ಎಂದರು ಕಾಕಾ. “ಒಂದು ಹೊರಗ ಬಂತು ನೋಡು.”

ಅಲ್ಲಿಯತನಕ ಕಲ್ಲಿನಂತೆ ಕೂತಿದ್ದ ಅಕ್ಕ ಬಿಕ್ಕಿಬಿಕ್ಕಿ ಅತ್ತಳು. ಅಳುತ್ತಲೇ, “ಬಾಲ ಸುಟ್ಟು ಹೋಗ್ಯಾದ ಕಾಕಾ ನಂದು,” ಎಂದಳು.

“ಹೋಗ್ಲಿ ಬಿಡವ್ವಾ. ತಲಿ ಗಟ್ಟಿ ಅದ ಅಲ್ಲ? ಕಾಲೇಜಿಗಿ ಅದೇ ಬೇಕಾಗೋದು.”

ಕಾಕಿ ಬೇಳೆ ಬೇಯಲು ಇಟ್ಟರು. ಸ್ವಲ್ಪ ಹೊತ್ತಿಗೆ ಅಕ್ಕ ಮುಖ ತೊಳೆದು ಬಂದು, ಅವರ ಕೈಯಿಂದ ಲಟ್ಟಣಿಗೆ ಇಸಿದುಕೊಂಡಳು. ಮೊದಲ ಹೋಳಿಗೆ ಸೊಟ್ಟಂಬಟ್ಟ ಆಯಿತು. ಕಾಕಾ ಅದನ್ನೇ ಹಾಕಿಸಿಕೊಂಡು, ತುಪ್ಪ ಬೇಡಿ, ಕಣ್ಣು ಒರೆಸಿಕೊಳ್ಳುತ್ತ ತಿಂದರು.