ನಾನು ವಿ-ಲ್ಯಾನ್ ಹಾಕಿದ ದಿನ

ಸರಿಯಾಗಿ ನಡೆಯುತ್ತಿರುವುದನ್ನು ಮುಟ್ಟದೆ ಬಿಡುವುದಕ್ಕೆ ಒಂದು ಸಂಯಮ ಬೇಕು. ಅದು ನನಗಿಲ್ಲ. ಕಾರವಾರದ ಕೋಡಿಬಾಗದ ನಮ್ಮ ಮನೆಯಲ್ಲಿ ಗೊರಗೊರ ಸದ್ದು ಮಾಡಿಕೊಂಡೇ ಮಸಾಲೆ ಅರೆಯುತ್ತಿದ್ದ ಮಿಕ್ಸರನ್ನು ನಾನು ಬಿಚ್ಚಿ ಸರಿಮಾಡಿದ ಮೇಲೆ ಅದು ಸದ್ದನ್ನೂ ಬಿಟ್ಟಿತು, ಅರೆಯುವುದನ್ನೂ ಬಿಟ್ಟಿತು. ಅಂದಿನಿಂದ ಹೆಂಡತಿ ಸ್ಕ್ರೂಡ್ರೈವರನ್ನು ಅಕ್ಕಿ ಡಬ್ಬಿಯೊಳಗೆ ಅಡಗಿಸಿಡುತ್ತಾಳೆ. ಮನೆಯಲ್ಲಿ ಹೀಗೆ ಒಬ್ಬರಾದರೂ ಕಾವಲಿದ್ದಾರೆ. ಕೆಲಸದ ಜಾಗದಲ್ಲಿ ಯಾರೂ ಇಲ್ಲ. ಅಲ್ಲಿ ನಾನೇ ಎಲ್ಲ ಬಲ್ಲವನು.

ನನ್ನ ಕೆಲಸ ಅಂಕೋಲೆಯ ಒಂದು ಚಿಕ್ಕ ಖಾಸಗಿ ಆಸ್ಪತ್ರೆಯಲ್ಲಿ. ಟೈಪಿಸ್ಟಾಗಿ ಸೇರಿದವನು, ಕಂಪ್ಯೂಟರ್ ಬಂದಾಗ ಟೈಪಿಂಗ್ ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ‘ಕಂಪ್ಯೂಟರ್ ಸರ್’ ಆದೆ. ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ ನಮ್ಮ ಸರ್ವರ್ ಇದೆ. ಲ್ಯಾಬಿನ ಯಂತ್ರ ರಕ್ತ ಪರೀಕ್ಷೆ ಮುಗಿಸಿದ ಕೂಡಲೇ ಫಲಿತಾಂಶ ಈ ಸರ್ವರಿನ ಮೂಲಕ ಮೇಲಿನ ಮಹಡಿಯ ಡಾಕ್ಟರ ಪರದೆಗೆ ಹೋಗುತ್ತದೆ. ಕ್ಯಾಮೆರಾಗಳ ಚಿತ್ರವೂ, ರೋಗಿಗಳ ನೆಂಟರು ಫೋನಿನಲ್ಲಿ ನೋಡುವ ಸೀರಿಯಲ್ಲೂ ಅದೇ ತಂತಿಯಲ್ಲಿ ಓಡಾಡುತ್ತಿದ್ದವು. ಇದು ದೊಡ್ಡ ಡಾಕ್ಟರಿಗೆ ಗೊತ್ತಾದಾಗ, “ನಾಯ್ಕರೇ, ಲ್ಯಾಬಿನದನ್ನು ಬೇರೆ ಮಾಡಿ. ಆದರೆ ಗೋಡೆ ಒಡೆಯೂದು ಬೇಡ” ಅಂದರು.

ಗೋಡೆ ಒಡೆಯದೆ ಬೇರೆ ಮಾಡುವ ಉಪಾಯವೇ ವಿ-ಲ್ಯಾನ್. ಇರುವ ಒಂದೇ ತಂತಿಯಲ್ಲಿ ಕಣ್ಣಿಗೆ ಕಾಣದ ಮೂರು ದಾರಿ ಮಾಡುವುದು. ಒಂದರಲ್ಲಿ ಹೋಗುವುದು ಇನ್ನೊಂದಕ್ಕೆ ಕಾಣದು. ಸರ್ವರಿಗೆ ತಂತಿ ಸೇರುವ ಭಾಗವಾದ ನೆಟ್‌ವರ್ಕ್ ಅಡಾಪ್ಟರಿನಲ್ಲಿ ಒಂದೊಂದು ದಾರಿಗೂ ಒಂದೊಂದು ನಂಬರು ಕೊಟ್ಟರಾಯಿತು. ಇದನ್ನು ನಾನು ಕಲಿತದ್ದು ಕಾರವಾರದಿಂದ ಅಂಕೋಲೆಗೆ ಹೋಗುವ ಬಸ್ಸಿನಲ್ಲಿ, ಫೋನಿನ ವಿಡಿಯೊ ನೋಡಿ. ಅಮದಳ್ಳಿ ದಾಟುತ್ತಲೇ ಸಿಗ್ನಲ್ ಹೋಯಿತು. ಸಿಕ್ಕಷ್ಟು ವಿದ್ಯೆಯೇ ಸಾಕೆನಿಸಿತು. ಹೊಸ ದಾರಿ ಮಾಡುವ ಮೊದಲು ಹಳೆಯದಕ್ಕೂ ಒಂದು ದಾರಿ ಉಳಿಸಿಕೊಳ್ಳಬೇಕು, ಇಲ್ಲವಾದರೆ ಎಲ್ಲವೂ ನಿಲ್ಲುತ್ತದೆ ಎಂಬ ಮಾತು ಉಳಿದರ್ಧದಲ್ಲಿತ್ತು.

ರೋಗಿಗಳು ಕಡಿಮೆಯಿರುವ ಭಾನುವಾರದವರೆಗೆ ಕಾಯಬಹುದಿತ್ತು. ಕಾಯಲಿಲ್ಲ. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನನ್ನ ಮೇಜಿನಿಂದಲೇ ಸರ್ವರ್ ತೆರೆದು ಮೊದಲ ನಂಬರು ಕೊಟ್ಟು ‘ಓಕೆ’ ಒತ್ತಿದೆ. ಪರದೆ ಕಲ್ಲಾಯಿತು. ಸರ್ವರ್ ಬದುಕಿಯೇ ಇತ್ತು, ಆದರೆ ಅದಕ್ಕೆ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಅದಕ್ಕೆ ಸ್ವಂತ ಪರದೆಯಿಲ್ಲ, ನನ್ನ ಮಾನಿಟರನ್ನೇ ಹೊತ್ತುಕೊಂಡು ಮೆಟ್ಟಿಲ ಕೆಳಗೆ ನುಗ್ಗಿದೆ. ಕೊಟ್ಟ ನಂಬರು ಅಳಿಸಿದೆ, ಮತ್ತೆ ಕೊಟ್ಟೆ, ಅತ್ತ ತಂತಿಗಳೆಲ್ಲ ಬಂದು ಸೇರುವ ಸ್ವಿಚ್ಚೆಂಬ ಪೆಟ್ಟಿಗೆಯಲ್ಲೂ ಬದಲಿಸಿದೆ. ಒಂದು ಗಂಟು ಬಿಚ್ಚಲು ಹೋಗಿ ನಾಲ್ಕು ಹಾಕಿದೆ. ಅಷ್ಟರಲ್ಲಿ ಲ್ಯಾಬಿನಿಂದ ಶೈಲಾ ಫೋನ್ ಮಾಡಿದಳು.

“ಸರ್, ನೆಟ್ ಉಂಟಲ್ಲ?”

“ಉಂಟು, ಉಂಟು. ಸ್ವಲ್ಪ ನಿಧಾನ, ಅಷ್ಟೆ.”

ಎರಡು ನಿಮಿಷದಲ್ಲಿ ಸರಿಯಾಗುವುದಕ್ಕೆ ಊರಿಗೆಲ್ಲ ಯಾಕೆ ಡಂಗುರ ಎಂದುಕೊಂಡೆ. ಆ ಎರಡು ನಿಮಿಷ ಮುಗಿಯಲೇ ಇಲ್ಲ. ರಿಪೋರ್ಟು ನಿಧಾನಕ್ಕಾದರೂ ಹೋಗಿರುತ್ತದೆ ಎಂದು ಶೈಲಾ ಸುಮ್ಮನಿದ್ದಳು. ಪರೀಕ್ಷೆ ಇನ್ನೂ ಮುಗಿದಿಲ್ಲವೆಂದು ಮೇಲೆ ಡಾಕ್ಟರು ಸುಮ್ಮನಿದ್ದರು. ಕೊನೆಗೆ ಅವಳೇ ಕೆಳಗೆ ಓಡಿಬಂದಳು. “ಸರ್, ಆ ಹಾರವಾಡದವರ ರಿಪೋರ್ಟ್ ಮೇಲೆ ಬಂದೇ ಇಲ್ವಂತೆ! ನಲವತ್ತು ನಿಮಿಷ ಆಯ್ತು!”

ಪ್ರಿಂಟರೂ ಅದೇ ತಂತಿಯ ಮೇಲಿತ್ತು. ಅವಳು ಕಾಗದದಲ್ಲಿ ಕೈಯಲ್ಲೇ ಬರೆದುಕೊಟ್ಟಳು, ನಾನು ತೆಗೆದುಕೊಂಡು ಮೇಲಕ್ಕೆ ಓಡಿದೆ. ಹಾಸಿಗೆಯಲ್ಲಿದ್ದವನು ಗಣಪತಿ, ಹಾರವಾಡದ ದೋಣಿಯವನು. ನಾಲ್ಕು ದಿನದ ಜ್ವರ, ಕಣ್ಣು ಅರಿಸಿನದ ಹಾಗೆ. ಪಕ್ಕದಲ್ಲಿ ಹೆಂಡತಿ ತುಳಸಿ ನಿಂತಿದ್ದಳು. “ತಮಾ, ಅದ್ರಲ್ಲಿ ಏನ್ ಬರ್ದದೆ? ಹೇಳೂಕೆ ಆಗ್ತದಾ?” ಅಂದಳು. ಇಷ್ಟು ವರ್ಷ ಈ ಅಂಕಿಗಳನ್ನು ತಂತಿಯಲ್ಲಿ ಕಳಿಸಿದ್ದೇನೆ, ಒಂದನ್ನೂ ಓದಿದವನಲ್ಲ. ಡಾಕ್ಟರು ಓದಿದರು. ಓದುತ್ತಲೇ “ಕಿಡ್ನಿ ನಿಂತದೆ. ಆಂಬ್ಯುಲೆನ್ಸ್ ಕರೀರಿ, ಕಾರವಾರಕ್ಕೆ!” ಎಂದು ಕೂಗಿದರು.

ಸಂಜೆಯವರೆಗೂ ನಾನು ಕಾಗದ ಹಿಡಿದು ಮೆಟ್ಟಿಲು ಹತ್ತಿ ಇಳಿದೆ. ಐದು ಗಂಟೆಗೆ ವಿಡಿಯೊದ ಉಳಿದರ್ಧ ನೋಡಿ ಹಳೆಯ ದಾರಿಗೆ ಅದರ ಜಾಗ ಬಿಟ್ಟುಕೊಟ್ಟ ಮೇಲೆ ಎಲ್ಲ ದೀಪಗಳೂ ಹಸಿರಾಗಿ ಮಿಣುಕಿದವು. ಮಾರನೆಯ ದಿನ ಮಧ್ಯಾಹ್ನ ಗಣಪತಿ ಕಾರವಾರದಲ್ಲಿ ತೀರಿಕೊಂಡ ಸುದ್ದಿ ಬಂತು.

ದೊಡ್ಡ ಡಾಕ್ಟರ ಮುಂದೆ ಹೋಗಿ ನಿಂತೆ, ಫೋನಿನಲ್ಲಿ ಹೇಳಿದ ಸುಳ್ಳನ್ನೂ ಸೇರಿಸಿ ಎಲ್ಲ ಹೇಳಿದೆ. ಅವರು, “ತಂದಿದ್ದೇ ತಡವಾಗಿತ್ತು. ಬಹುಶಃ ನಲವತ್ತು ನಿಮಿಷಕ್ಕೆ ಏನೂ ಬದಲಾಗ್ತಿರಲಿಲ್ಲ ನಾಯ್ಕರೇ” ಅಂದರು. ಆ ‘ಬಹುಶಃ’ ಈಗಲೂ ದಿನಾ ನನ್ನ ಜೊತೆ ಬಸ್ಸು ಹತ್ತುತ್ತದೆ.

ಒಂದೂವರೆ ತಿಂಗಳ ಮೇಲೆ ತುಳಸಿ ಯಾವುದೋ ದಾಖಲೆಗೆಂದು ಆಸ್ಪತ್ರೆಗೆ ಬಂದಳು. ನೇರ ನನ್ನ ಮೇಜಿಗೆ ಬಂದು ಒಣ ಶೆಟ್ಲಿಯ, ಅಂದರೆ ಒಣಗಿಸಿದ ಸಿಗಡಿಯ, ಪೊಟ್ಟಣವೊಂದನ್ನು ಇಟ್ಟಳು. “ಆ ದಿವ್ಸ ನಮ್ಮವರ ಸಲವಾಗಿ ನೀವೊಬ್ರೇ ಓಡಿದ್ರಿ ತಮಾ. ಬೇರೆಯವ್ರೆಲ್ಲ ಕೂತೇ ಇದ್ರು. ನಾ ಮರೂದಿಲ್ಲ.”

ಹೇಳಿಯೇ ಬಿಡೋಣ ಎಂದು ಬಾಯಿ ತೆರೆದೆ. ಬಂದದ್ದು ಹೀಗೆ: “ಅದು ಹಾಗಲ್ಲಮ್ಮಾ, ಅಡಾಪ್ಟರಿನಲ್ಲಿ ವಿ-ಲ್ಯಾನ್ ಕಾನ್ಫಿಗರ್ ಮಾಡುವಾಗ ಟ್ಯಾಗಿಂಗ್ ಮಿಸ್ ಆಗಿ...”

ಅವಳು ಎಲ್ಲಕ್ಕೂ ತಲೆಯಾಡಿಸಿದಳು. “ಇರ್ಲಿ ಬಿಡಿ. ಯಂತ್ರ ಅಂದ್ಮೇಲೆ ಹಾಳಾಗ್ತದೆ, ನೀವಾದ್ರೂ ಏನ್ ಮಾಡೂಕೆ ಆಗ್ತದೆ?” ಎಂದು ನನ್ನನ್ನೇ ಸಮಾಧಾನ ಮಾಡಿ, ಬಸ್ಸಿಗೆ ಹೊತ್ತಾಯಿತೆಂದು ಹೋದಳು.

ಕನ್ನಡದಲ್ಲಿ ಅದು ಮೂರೇ ಮಾತು: ತಪ್ಪು ನನ್ನಿಂದ ಆಯಿತು. ಅವಳಿಗೂ ಅರ್ಥವಾಗುತ್ತಿತ್ತು, ಅದಕ್ಕೇ ನನ್ನ ಬಾಯಿಗೆ ಬರಲಿಲ್ಲ. ಶೆಟ್ಲಿ ಮನೆಗೆ ತಂದೆ. ಹೆಂಡತಿ ಚಟ್ನಿ ಮಾಡಿ, “ಇಷ್ಟು ಒಳ್ಳೇ ಶೆಟ್ಲಿ ಯಾರು ಕೊಟ್ಟರು?” ಎಂದು ಕೇಳಿದಳು. “ಒಬ್ಬ ಪೇಷಂಟಿನ ಕಡೆಯವರು, ನನ್ನ ಕೆಲಸ ಮೆಚ್ಚಿ” ಅಂದೆ. ಅನ್ನ ಎರಡು ಸಲ ಬಡಿಸಿಕೊಂಡೆ.